ಪಟ್ಟಿ ಬರೆಯದ ಮದುವೆ

ಪತ್ರ (ಸಂಕ್ಷಿಪ್ತ): ಮದುವೆಯಾಗಿ ಎರಡು ವರ್ಷ. ಮನೆ ತುಂಬ ಕಾರು, ಆಳುಕಾಳು. ಗಂಡ ನನ್ನೊಡನೆ ನಗುವುದು ನೆಂಟರಿಷ್ಟರ ಎದುರು ಮಾತ್ರ. ಒಡವೆ ಅತ್ತೆಯ ಲಾಕರಿನಲ್ಲಿದೆ. ಕಂಪನಿಯ ಕಾಗದಗಳಿಗೂ ಸಹಿ ಹಾಕಿದ್ದೇನೆ. ಸಹಿಸಿಕೊಂಡಿರಲೇ, ಹೊರಬರಲೇ?
– ಓದುಗಿ, ಬೆಂಗಳೂರು

ಉತ್ತರ: ಇರುವುದೋ ಹೊರಡುವುದೋ ನೀವೇ ತೀರ್ಮಾನಿಸಬೇಕಾದದ್ದು. ಆದರೆ ನಾಲ್ಕು ಪುಟದ ನಿಮ್ಮ ಪತ್ರದಲ್ಲಿ ಪಾರ್ಟಿ, ಸೀರೆ, ಗಂಡನ ಮೌನ ಎಲ್ಲ ವಿವರವಾಗಿದೆ. ಒಡವೆಗೆ ಒಂದು ಸಾಲು, ಸಹಿಗೆ ಒಂದು ಸಾಲು. ನನಗೆ ಸಂಕಟವಾದದ್ದು ಆ ಎರಡು ಸಾಲು ಓದಿ.

ಒಡವೆ ಬೀರುವಿಗಿಂತ ಬ್ಯಾಂಕಿನಲ್ಲಿರುವುದು ಕ್ಷೇಮ ಎಂಬ ನಿಮ್ಮ ಅತ್ತೆಯವರ ಮಾತು ಸರಿಯೇ. ಆದರೆ ಲಾಕರು ನಿಮ್ಮ ಹೆಸರಿನಲ್ಲೂ ಇಲ್ಲದಿದ್ದರೆ ಬ್ಯಾಂಕು ನಿಮ್ಮನ್ನು ಒಳಗೇ ಬಿಡುವುದಿಲ್ಲ.

ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮವೊಂದಿದೆ. ವಧುವಿಗೆ ಬಂದ ಉಡುಗೊರೆಗಳ ಪಟ್ಟಿ ವಧುವಿನ ಬಳಿಯೇ ಇರಬೇಕು: ವಸ್ತು ಯಾವುದು, ಅಂದಾಜು ಬೆಲೆ, ಕೊಟ್ಟವರು ಯಾರು, ಏನಾಗಬೇಕು, ಕೆಳಗೆ ವಧೂವರರಿಬ್ಬರ ಸಹಿ. ಲಗ್ನಪತ್ರಿಕೆಗೆ ಚಿನ್ನದ ಲೇಪ ಹಾಕಿಸುವ ಮನೆಗಳಲ್ಲೇ ಈ ಒಂದು ಹಾಳೆ ಸಿಗುವುದಿಲ್ಲ. ಕೇಳಿದರೆ ಮರ್ಯಾದೆಗೆ ಕುಂದಂತೆ!

ಈಗಲೂ ಬರೆಯಬಹುದು. ತವರಿನಿಂದ ಬಿಲ್ಲುಗಳನ್ನು ತರಿಸಿ, ಮದುವೆಯ ಆಲ್ಬಂ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಒಡವೆ ಗುರುತಿಸಿ. ಒಟ್ಟು ತೂಕ ಬೇರೆ, ಹರಳು ಕಳೆದ ನಿವ್ವಳ ತೂಕ ಬೇರೆ, ಎರಡನ್ನೂ ಬರೆಯಿರಿ. ಒಡವೆ ಕೈತಪ್ಪುವುದು ಹೆಚ್ಚಾಗಿ ‘ಹಳೇ ಫ್ಯಾಷನ್ನು, ಮುರಿಸಿ ಹೊಸದು ಮಾಡಿಸೋಣ’ ಎಂಬ ಅಕ್ಕರೆಯ ಮಾತಿನಿಂದ. ಅಜ್ಜಿಯ ಕಾಸಿನ ಸರ ಕರಗುತ್ತದೆ, ಹೊಸ ನೆಕ್ಲೇಸಿನ ಬಿಲ್ಲು ಅತ್ತೆಯ ಹೆಸರಿಗೆ ಬರುತ್ತದೆ. ಹಳೆಯ ಚಿನ್ನ ಕೊಟ್ಟ ರಸೀದಿಯೂ ಹೊಸ ಬಿಲ್ಲೂ ನಿಮ್ಮ ಹೆಸರಿನಲ್ಲೇ ಇರಲಿ. ಸ್ತ್ರೀಧನಕ್ಕೆ, ಅಂದರೆ ಹೆಣ್ಣಿಗೆಂದೇ ಕೊಟ್ಟ ಒಡವೆ, ಉಡುಗೊರೆಗಳಿಗೆ, ಗಂಡ ಪಾಲುದಾರನಲ್ಲ ಎಂದು ಸುಪ್ರೀಂ ಕೋರ್ಟು 1985ರ ಪ್ರತಿಭಾ ರಾಣಿ ಪ್ರಕರಣದಲ್ಲೇ ಹೇಳಿದೆ. ಇದು ನನ್ನದು ಎಂದು ತೋರಿಸಬೇಕಾದವರು ಮಾತ್ರ ನೀವು.

ಸಹಿಯ ಸಾಲು ಇನ್ನೂ ಭಯದ್ದು. ಸೊಸೆಯನ್ನು ಡೈರೆಕ್ಟರ್ ಮಾಡುವುದು ನಮ್ಮ ಸಿರಿವಂತರಿಗೆ ಅರಿಸಿನ ಕುಂಕುಮ ಕೊಟ್ಟಷ್ಟು ಸಲೀಸು. ಸಾಲಕ್ಕೆ ಪರ್ಸನಲ್ ಗ್ಯಾರಂಟಿ ಬರೆದುಕೊಟ್ಟಿದ್ದರೆ ಕಂಪನಿ ತೀರಿಸದ್ದಕ್ಕೆ ನೀವೂ ಹೊಣೆ. ಹುದ್ದೆ ಬಿಟ್ಟರೂ ವಿಚ್ಛೇದನವಾದರೂ ಅದು ತಾನಾಗಿ ಕಳಚದು. ಬ್ಯಾಂಕು ಬರಹದಲ್ಲಿ ಬಿಡುಗಡೆ ಕೊಡಬೇಕು.

ದೊಡ್ಡಮನೆಯ ಮದುವೆಗಳಲ್ಲಿ ಲೆಕ್ಕ ಬರೆಯುವವರಿಲ್ಲವೆಂದಲ್ಲ, ಹೆಣ್ಣಿಗಾಗಿ ಬರೆಯುವವರಿಲ್ಲ. 1895ರಲ್ಲಿ ನ್ಯೂಯಾರ್ಕಿನ ರೈಲ್ವೆ ಸಿರಿವಂತರ ಮಗಳು ಕಾನ್ಸ್ಯುಯೆಲೊ ವಾಂಡರ್‌ಬಿಲ್ಟಳನ್ನು 18ರ ವಯಸ್ಸಿನಲ್ಲಿ ತಾಯಿ ಬಲವಂತದಿಂದ ಇಂಗ್ಲೆಂಡಿನ ಮಾರ್ಲ್‌ಬರೋ ಡ್ಯೂಕನಿಗೆ ಕೊಟ್ಟಳು. ವರನಿಗಾಗಿ 25 ಲಕ್ಷ ಡಾಲರಿನ ರೈಲ್ವೆ ಷೇರುಗಳ ಕರಾರು ಪಕ್ಕಾ ಆಗಿತ್ತು. 1906ರಲ್ಲಿ ಬೇರೆಯಾದರು, 1921ರಲ್ಲಿ ವಿಚ್ಛೇದನ. 1926ರಲ್ಲಿ ಚರ್ಚು ಮದುವೆಯನ್ನೇ ಅಸಿಂಧುಗೊಳಿಸುವ ಹೊತ್ತಿಗೆ, ಬಲವಂತ ಮಾಡಿದವಳು ನಾನೇ ಎಂದು ಆ ತಾಯಿಯೇ ಸಾಕ್ಷಿ ನುಡಿದಿದ್ದಳು.

ಮಗಳಿಗೆ ಕುದುರೆ ಸವಾರಿ, ಪಿಯಾನೊ ಕಲಿಸಿ, ಒಂದು ಬ್ಯಾಲೆನ್ಸ್ ಶೀಟ್ ಓದಲು ಕಲಿಸದ ಅಪ್ಪಂದಿರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ನೀವು ಜಾಣೆ, ಪತ್ರವೇ ಹೇಳುತ್ತದೆ. ನಿಮ್ಮ ಡಿಜಿಟಲ್ ಸಹಿಯ ಟೋಕನ್ (ಕಂಪ್ಯೂಟರಿಗೆ ಸಿಕ್ಕಿಸಿ ನಿಮ್ಮ ಹೆಸರಿನಲ್ಲಿ ಸಹಿ ಹಾಕುವ ಪೆನ್‌ಡ್ರೈವಿನಂಥದು) ಅಕೌಂಟೆಂಟರ ಡ್ರಾಯರಿನಲ್ಲಿದ್ದರೆ ಈ ವಾರವೇ ತರಿಸಿಕೊಳ್ಳಿ. ಸಹಿ ಹಾಕಿದ ಪ್ರತಿ ಕಾಗದದ ನಕಲು ಕೇಳಿ. ಆಮೇಲೆ ಗಂಡನ ಮೌನದ ಬಗ್ಗೆ ಮತ್ತೆ ಬರೆಯಿರಿ.