ಹವ್ಯಾಸಿ ಎಲೆಕ್ಟ್ರಾನಿಕ್ಸ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳು ಒಂಬತ್ತನೇ ತರಗತಿ, ಎಲೆಕ್ಟ್ರಾನಿಕ್ಸ್ ಕಲಿಯುವ ಆಸೆ. ಸೋಲ್ಡರಿಂಗ್ ಐರನ್ (ಬಿಸಿ ಮಾಡಿ ಬೆಸೆಯುವ ಸಾಧನ) ಕೊಡಿಸಬೇಕೆಂದಿದ್ದೇನೆ. ಬೇರೇನು ಬೇಕು?
– ಓದುಗರು, ಹಾಸನ

ಉತ್ತರ: ಐರನ್ ಸದ್ಯಕ್ಕೆ ಬೇಡ. ಮೊದಲು ಡಿಜಿಟಲ್ ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಮೀಟರ್) ಮತ್ತು 830 ರಂಧ್ರಗಳ ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆ) ಕೊಡಿಸಿ. ಮೀಟರಿನಲ್ಲಿ ಕಂಟಿನ್ಯೂಟಿ ಬೀಪ್ ಇರಲೇಬೇಕು. ಬೋರ್ಡಿನಿಂದ ಕಣ್ಣು ತೆಗೆಯದೆಯೇ ತಂತಿ ಕೂಡಿದೆಯೋ ಇಲ್ಲವೋ ಕಿವಿಗೆ ತಿಳಿಯುತ್ತದೆ. ಜೊತೆಗೆ ಜಂಪರ್ ವೈರ್, ಸಣ್ಣ ಕಟರ್, 9 ವೋಲ್ಟ್ ಬ್ಯಾಟರಿ, ಅದರ ಕ್ಲಿಪ್, ಹತ್ತು ಕೆಂಪು ಎಲ್ಇಡಿ, ಕಾಲು ವ್ಯಾಟಿನ ರೆಸಿಸ್ಟರುಗಳು (ಕರೆಂಟನ್ನು ಮಿತಿಯಲ್ಲಿಡುವ ಭಾಗಗಳು). ಬೆಂಗಳೂರಿಗೆ ಬಂದಾಗ ಎಸ್.ಪಿ. ರೋಡಿನಲ್ಲಿ ಇವೆಲ್ಲ ಬಿಡಿಯಾಗಿಯೇ ಸಿಗುತ್ತವೆ.

ಮೊದಲ ದಿನ ಒಂದೇ ಒಂದು ಎಲ್ಇಡಿ ಉರಿಸಲಿ. ಕೆಂಪು ಎಲ್ಇಡಿಗೆ ಸುಮಾರು 2 ವೋಲ್ಟ್ ಹೋದರೆ ಉಳಿದ 7 ವೋಲ್ಟ್ ರೆಸಿಸ್ಟರಿನ ಪಾಲು. 10 ಮಿಲಿಆಂಪ್ ಹರಿಯಲು 700 ಓಮ್ ಬೇಕು; ಅಂಗಡಿಯಲ್ಲಿ ಸಿಗುವ ಹತ್ತಿರದ್ದು 680. ಎಲ್ಇಡಿಯ ಉದ್ದ ಕಾಲು ಪ್ಲಸ್ ಕಡೆಗೆ. ಬ್ಯಾಟರಿಯ ವೋಲ್ಟೇಜ್ ಅಳೆಯುವಾಗ ಮೀಟರಿನ ಕೆಂಪು ವೈರ್ 10 ಆಂಪ್ ಸಾಕೆಟ್ಟಿನಲ್ಲಿ ಇರಬಾರದು. ಇದ್ದರೆ ಮೀಟರೇ ಬ್ಯಾಟರಿಯನ್ನು ಶಾರ್ಟ್ ಮಾಡುತ್ತದೆ, ಅಗ್ಗದ ಅನೇಕ ಮೀಟರುಗಳಲ್ಲಿ ಆ ಸಾಕೆಟ್ಟಿಗೆ ಫ್ಯೂಸೂ ಇರುವುದಿಲ್ಲ.

ಪ್ರಶ್ನೆ: 555 ಐಸಿಯಿಂದ (ಟೈಮರ್ ಚಿಪ್) ಎಲ್ಇಡಿ ಮಿನುಗಿಸುವ ಸರ್ಕ್ಯೂಟ್ ಜೋಡಿಸಿದೆ. 1 ಕೆ (ಸಾವಿರ ಓಮ್), 68 ಕೆ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಎಲ್ಇಡಿಗೆ 680 ಓಮ್. ಮಿನುಗುವುದಿಲ್ಲ, ಮಂಕಾಗಿ ಉರಿಯುತ್ತಲೇ ಇರುತ್ತದೆ. ಐಸಿ ಬದಲಿಸಿದರೂ ಅದೇ.
– ವಿದ್ಯಾರ್ಥಿ, ಶಿರಸಿ

ಉತ್ತರ: ಐಸಿಯ ತಪ್ಪಲ್ಲ. 680 ಮತ್ತು 68 ಕೆ ಅದಲುಬದಲಾಗಿರಬೇಕು. ಎಷ್ಟು ಓಮ್ ಎಂದು ತೋರಿಸುವ ಬಣ್ಣದ ಪಟ್ಟಿಗಳಲ್ಲಿ ಎರಡಕ್ಕೂ ಮೊದಲನೆಯದು ನೀಲಿ, ಎರಡನೆಯದು ಬೂದು. ಮೂರನೆಯದು 680ಕ್ಕೆ ಕಂದು, 68 ಕೆಗೆ ಕಿತ್ತಳೆ; ರಾತ್ರಿ ಬಲ್ಬಿನ ಬೆಳಕಿನಲ್ಲಿ ಈ ಎರಡು ಬಣ್ಣ ಒಂದೇ ಥರ ಕಾಣುತ್ತವೆ. ನಿಮ್ಮ ಎರಡೂ ಲಕ್ಷಣಗಳಿಗೆ ಇದೊಂದೇ ಕಾರಣ ಸಾಕು. ಮಿನುಗುವ ವೇಗ 1.44 ಅನ್ನು (ಆರ್1 + 2ಆರ್2) × ಸಿ ಇಂದ ಭಾಗಿಸಿದಷ್ಟು; ಆರ್1 ನಿಮ್ಮ 1 ಕೆ, ಆರ್2 ಎರಡನೇ ರೆಸಿಸ್ಟರ್, ಸಿ ಕೆಪಾಸಿಟರ್. ಆರ್2 ಜಾಗದಲ್ಲಿ 68 ಕೆ ಇದ್ದರೆ ಸೆಕೆಂಡಿಗೆ ಸುಮಾರು ಒಂದು ಸಲ. 680 ಇದ್ದರೆ ಸುಮಾರು 61 ಸಲ, ಕಣ್ಣಿಗೆ ಬಿಡದೆ ಉರಿದಂತೆಯೇ ಕಾಣುತ್ತದೆ. ಅತ್ತ ಎಲ್ಇಡಿಗೆ 68 ಕೆ ಅಡ್ಡ ಬಂದರೆ ಹರಿಯುವುದು 0.1 ಮಿಲಿಆಂಪಿಗಿಂತ ಕಡಿಮೆ, ಅದಕ್ಕೇ ಮಂಕು. ಎರಡನ್ನೂ ಬೋರ್ಡಿನಿಂದ ಕಿತ್ತು ಮೀಟರಿನಲ್ಲಿ ಅಳೆಯಿರಿ. ಸರ್ಕ್ಯೂಟಿನಲ್ಲಿ ಇಟ್ಟೇ ಅಳೆದರೆ ಅಕ್ಕಪಕ್ಕದ ಭಾಗಗಳೂ ಸೇರಿ ಲೆಕ್ಕ ತಪ್ಪುತ್ತದೆ.

ಸರಿಪಡಿಸಿದ ಮೇಲೂ ಮಿನುಗದಿದ್ದರೆ 2 ಮತ್ತು 6ನೇ ಪಿನ್ ಕೂಡಿವೆಯೇ, 4ನೇ ಪಿನ್ ಪ್ಲಸ್‌ಗೆ ಹೋಗಿದೆಯೇ ನೋಡಿ. ಕೆಲವು ಬ್ರೆಡ್‌ಬೋರ್ಡುಗಳಲ್ಲಿ ಅಂಚಿನ ಪವರ್ ಸಾಲು ನಡುವೆ ತುಂಡಾಗಿರುತ್ತದೆ. ಅಲ್ಲೊಂದು ಜಂಪರ್ ಹಾಕಬೇಕಾಗುತ್ತದೆ.

ಪ್ರಶ್ನೆ: ಸೋಲ್ಡರ್ ಅಂಟದೆ ಗುಂಡಾಗಿ ಉರುಳಿಹೋಗುತ್ತದೆ. ಏಕೆ?
– ಓದುಗರು, ಗದಗ

ಉತ್ತರ: ಬಿಟ್ (ಐರನ್ನಿನ ಬಿಸಿ ತುದಿ) ಮೇಲೆ ಸೋಲ್ಡರ್ ಕರಗಿಸಿ ಬೆಸೆಯುವ ಜಾಗಕ್ಕೆ ಬಳಿಯುತ್ತಿದ್ದೀರಿ ಎನಿಸುತ್ತದೆ. ಹಾಗೆ ಮಾಡಿದರೆ ಫ್ಲಕ್ಸ್ (ಲೋಹವನ್ನು ಶುಚಿಮಾಡಿ ಸೋಲ್ಡರ್ ಹಿಡಿಯುವಂತೆ ಮಾಡುವ ಪದಾರ್ಥ) ಬಿಟ್ ಮೇಲೆಯೇ ಹೊಗೆಯಾಗಿ ಹೋಗುತ್ತದೆ, ತಣ್ಣಗಿರುವ ತಂತಿಗೆ ಸೋಲ್ಡರ್ ಹಿಡಿಯುವುದಿಲ್ಲ. 25 ವ್ಯಾಟ್ ಐರನ್, ಒಳಗೆ ಫ್ಲಕ್ಸ್ ಇರುವ 60/40 (60 ಪಾಲು ತವರ, 40 ಪಾಲು ಸೀಸ) ಸೋಲ್ಡರ್ ತಂತಿ ಬಳಸಿ. ಬಿಟ್ ಅನ್ನು ಪಿಸಿಬಿ ಪ್ಯಾಡ್ (ಸರ್ಕ್ಯೂಟ್ ಬೋರ್ಡಿನ ಮೇಲೆ ಬೆಸೆಯುವ ತಾಮ್ರದ ಚುಕ್ಕೆ) ಮತ್ತು ಭಾಗದ ಕಾಲು ಎರಡಕ್ಕೂ ತಾಗಿಸಿ, ಎರಡು ಸೆಕೆಂಡ್ ಬಿಟ್ಟು ಸೋಲ್ಡರನ್ನು ಬಿಟ್‌ಗಲ್ಲ, ಪ್ಯಾಡಿಗೆ ಮುಟ್ಟಿಸಿ. ಮೊದಲು ಸೋಲ್ಡರ್ ತೆಗೆಯಿರಿ, ಆಮೇಲೆ ಐರನ್, ಗಟ್ಟಿಯಾಗುವವರೆಗೆ ಅಲುಗಿಸಬೇಡಿ. ಅಲುಗಿದರೆ ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಆಗಿ, ಇವತ್ತು ನಡೆದದ್ದು ನಾಳೆ ನಿಲ್ಲುತ್ತದೆ.

ಬಿಟ್ ಕಪ್ಪಾಗಿದ್ದರೆ ಬಿಸಿಯಿರುವಾಗಲೇ ಒದ್ದೆ ಸ್ಪಂಜಿಗೆ ಒರೆಸಿ, ಕೂಡಲೇ ಸೋಲ್ಡರ್ ಬಳಿಯಿರಿ. ಬರಿ ತಾಮ್ರದ ಬಿಟ್ ಆದರೆ ಅರದಿಂದ ತಿಕ್ಕಬಹುದು. ಲೇಪನವಿರುವ ಬಿಟ್‌ಗೆ ಮಾತ್ರ ಅರ ಮುಟ್ಟಿಸಬೇಡಿ, ಕಬ್ಬಿಣದ ಪದರ ಹೋದರೆ ಒಳಗಿನ ತಾಮ್ರವನ್ನು ಸೋಲ್ಡರ್ ತಿಂದುಹಾಕುತ್ತದೆ. ಫ್ಲಕ್ಸಿನ ಹೊಗೆ ಹೋಗಲು ಕಿಟಕಿ ತೆರೆದಿಡಿ; ಈ ತಂತಿಯಲ್ಲಿ ಸೀಸ ಇರುವುದರಿಂದ ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ.