ಡ್ರೋಗ್ಬಾ 21ಕ್ಕೆ ಶುರು ಮಾಡಿದ್ದು ನಿಜವಾ?

ಪ್ರಶ್ನೆ: ನನ್ನ ಮಗನಿಗೆ 19. ಮಡಿಕೇರಿಯಲ್ಲಿ ಬಿ.ಕಾಂ. ಓದುತ್ತಾ ಇಲ್ಲಿ ಊರಿನ ತಂಡಕ್ಕೆ ಸ್ಟ್ರೈಕರ್ ಆಗಿ ಆಡುತ್ತಾನೆ. ಹನ್ನೆರಡಕ್ಕೇ ಅಕಾಡೆಮಿ ಸೇರದವನಿಗೆ ಫುಟ್ಬಾಲ್ ಮುಗಿದ ಕಥೆ ಅಂತ ಎಲ್ಲರೂ ಹೇಳುತ್ತಾರೆ. ಇವನು ಮಾತ್ರ ‘ಡ್ರೋಗ್ಬಾ ಶುರು ಮಾಡಿದ್ದೇ 21ಕ್ಕೆ’ ಅಂತ ಬಾಯಿ ಮುಚ್ಚಿಸುತ್ತಾನೆ. ನಿಜವಾ?
– ಒಬ್ಬ ತಾಯಿ, ಸುಂಟಿಕೊಪ್ಪ

ಉತ್ತರ: ಅರ್ಧ ನಿಜ. ಆಫ್ರಿಕಾದ ಐವರಿ ಕೋಸ್ಟಿನ ಆ ಸ್ಟ್ರೈಕರ್‌ಗೆ 21ಕ್ಕೆ ಸಿಕ್ಕಿದ್ದು ಮೊದಲ ವೃತ್ತಿಪರ ಕಾಂಟ್ರಾಕ್ಟ್, 1999ರಲ್ಲಿ, ಫ್ರಾನ್ಸಿನ ಲೆ ಮಾನ್ ಕ್ಲಬ್ಬಿನಿಂದ. ಆಟದ ನಂಟು ತುಂಬಾ ಹಳೆಯದು. ದಿದಿಯೆ ಡ್ರೋಗ್ಬಾ ಹುಟ್ಟಿದ್ದು 1978ರಲ್ಲಿ ಐವರಿ ಕೋಸ್ಟಿನ ಅಬಿಜಾನ್‌ನಲ್ಲಿ (ನಮ್ಮ ಕೊಡಗಿನ ಹಾಗೆ ರೋಬಸ್ಟಾ ಕಾಫಿ ಬೆಳೆಯುವ ದೇಶ). ಐದು ವರ್ಷದ ಹುಡುಗನನ್ನು ಮನೆಯವರು ಫ್ರಾನ್ಸಿಗೆ, ಅಲ್ಲಿ ವೃತ್ತಿಪರ ಆಟಗಾರರಾಗಿದ್ದ ಬಂಧು ಮಿಷೆಲ್ ಗೋಬಾ ಅವರ ಹತ್ತಿರ ಕಳಿಸಿದ್ದರು. ಅಂದರೆ ಮನೆಯಲ್ಲೇ ಒಬ್ಬ ಫುಟ್ಬಾಲಿಗ. ಆ ಭಾಗವನ್ನು ನಿಮ್ಮ ಮಗ ಹೇಳಿರಲಿಕ್ಕಿಲ್ಲ ಅಲ್ವಾ?

ತಡವಾಗಿದ್ದಕ್ಕೆ ಮುಖ್ಯ ಕಾರಣ ಗಾಯ. ಲೆ ಮಾನ್‌ನಲ್ಲಿ ಮೇಲಿಂದ ಮೇಲೆ ಕಾಲಿನ ಮೂಳೆ ಮುರಿಯಿತು. ಆಗ ಜೊತೆಯಲ್ಲೇ ಅವನು ಓದುತ್ತಿದ್ದದ್ದು ಏನು ಗೊತ್ತಾ, ಅಕೌಂಟಿಂಗ್! 2002ರ ಜನವರಿಯಲ್ಲಿ ಗ್ಯಾಂಗಾಂಪ್ ಅನ್ನೋ ಸಣ್ಣ ಊರಿನ ಕ್ಲಬ್ ಅವನನ್ನು ಎರಡನೇ ಡಿವಿಷನ್ನಿನಿಂದ ಕರೆದುಕೊಂಡಿತು. ಮುಂದಿನ ಸೀಸನ್ನಿನಲ್ಲಿ ಲೀಗ್‌ನಲ್ಲೇ 17 ಗೋಲು, ಆಮೇಲೆ ಫ್ರಾನ್ಸಿನದೇ ಮಾರ್ಸೆ ಕ್ಲಬ್, 2004ರಲ್ಲಿ 2.4 ಕೋಟಿ ಪೌಂಡಿಗೆ ಇಂಗ್ಲೆಂಡಿನ ಚೆಲ್ಸಿ, ಎಲ್ಲಾ ಎರಡೂವರೆ ವರ್ಷದೊಳಗೆ. ಮಗ ಆಡಲಿ, ಬಿಡಿಸಬೇಡಿ. ಬಿ.ಕಾಂ. ಕೂಡ ಮುಗಿಸಲಿ.

ಪ್ರಶ್ನೆ: ಚೆಲ್ಸಿಗೆ 381 ಪಂದ್ಯ, 164 ಗೋಲು. ಇದಕ್ಕಿಂತ ಜಾಸ್ತಿ ಹೊಡೆದವರು ಬೇಕಾದಷ್ಟಿದ್ದಾರೆ. ಅವನಿಗೇ ಯಾಕೆ ಇಷ್ಟು ಹೆಸರು?
– ಓದುಗ, ಮೂರ್ನಾಡು

ಉತ್ತರ: ಯಾವಾಗ ಹೊಡೆದ ಅನ್ನೋದನ್ನು ನೋಡಿ. ಇಂಗ್ಲೆಂಡಿನ ಎಫ್‌ಎ ಕಪ್‌ನ ನಾಲ್ಕು ಬೇರೆ ಬೇರೆ ಫೈನಲ್‌ಗಳಲ್ಲಿ ಗೋಲು ಹೊಡೆದ ಮೊದಲ ಆಟಗಾರ ಅವನೇ. ಹಾಗಂತ ದೇವರಲ್ಲ. 2008ರಲ್ಲಿ ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ ಚಾಂಪಿಯನ್ಸ್ ಲೀಗ್‌ನ ಫೈನಲ್‌ನಲ್ಲಿ, ಮಾಸ್ಕೋದಲ್ಲಿ, ಎದುರಾಳಿಯ ಕೆನ್ನೆಗೆ ಕೈ ತಾಗಿಸಿ ರೆಡ್ ಕಾರ್ಡ್ ತಿಂದ, ತಂಡ ಪೆನಾಲ್ಟಿಯಲ್ಲಿ ಸೋತಿತು.

ನಾಲ್ಕು ವರ್ಷದ ಮೇಲೆ ಅದೇ ಕಪ್ಪಿನ ಫೈನಲ್, ಜರ್ಮನಿಯ ಮ್ಯೂನಿಕ್‌ನಲ್ಲಿ. ಎದುರಾಳಿ ಬಯರ್ನ್ ತನ್ನ ಸ್ವಂತ ಅಂಗಳದಲ್ಲೇ 83ನೇ ನಿಮಿಷಕ್ಕೆ ಗೋಲು ಹೊಡೆದು ಮುಂದಿದೆ. 88ನೇ ನಿಮಿಷಕ್ಕೆ ಚೆಲ್ಸಿಗೆ ಒಂದು ಕಾರ್ನರ್, ಮಾಟಾ ಎತ್ತಿ ಕೊಟ್ಟ, ಡ್ರೋಗ್ಬಾ ಹತ್ತಿರದ ಕಂಬದ ಕಡೆ ನುಗ್ಗಿ ತಲೆ ಕೊಟ್ಟ, 1–1. ಮುಗೀತು ಅಂದ್ಕೊಂಡರೆ, ಎಕ್ಸ್‌ಟ್ರಾ ಟೈಮ್‌ನಲ್ಲಿ ರಿಬೆರಿಯನ್ನು ಬೀಳಿಸಿ ಅವನೇ ಪೆನಾಲ್ಟಿ ಕೊಟ್ಟ! ಬಯರ್ನ್‌ನ ರೊಬೆನ್ ಹೊಡೆದದ್ದನ್ನು ಚೆಲ್ಸಿಯ ಗೋಲ್‌ಕೀಪರ್ ಚೆಕ್ ತಡೆದ. ಶೂಟೌಟ್‌ನಲ್ಲಿ ಕೊನೆಯ ಒದೆತಕ್ಕೆ ಬಂದವನೂ ಡ್ರೋಗ್ಬಾ, ಕಪ್ ಬಂತು. ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ನೋಡೋಕೆ ಹೋಗಿ ಟೈಬ್ರೇಕರ್ ಹೊತ್ತಿಗೆ ಗ್ಯಾಲರಿಯಲ್ಲಿ ಉಗುರು ಕಚ್ಚಿ ಕೂತವರಿಗೆ ಆ ಕೊನೆಯವನ ಸ್ಥಿತಿ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಅವನು ಮಂಡಿಯೂರಿ ಬೇಡಿಕೊಂಡದ್ದಕ್ಕೆ ಅವನ ದೇಶದ ಅಂತರ್ಯುದ್ಧವೇ ನಿಂತಿತಂತೆ. ಹೌದಾ?
– ಕಾಲೇಜು ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಬೇಡಿಕೊಂಡದ್ದು ನಿಜ. 2005ರ ಅಕ್ಟೋಬರ್‌ನಲ್ಲಿ ಸುಡಾನನ್ನು ಸೋಲಿಸಿ ಐವರಿ ಕೋಸ್ಟ್ ಮೊದಲ ಸಲ ವಿಶ್ವಕಪ್‌ಗೆ ಅರ್ಹತೆ ಪಡೆದಾಗ, ಡ್ರೆಸ್ಸಿಂಗ್ ರೂಮಿನಲ್ಲಿ ಕ್ಯಾಮೆರಾ ಮುಂದೆ ತಂಡದವರೆಲ್ಲ ಮಂಡಿಯೂರಿದರು, ಆಯುಧ ಕೆಳಗಿಡಿ ಅಂದರು. ಆದರೆ ಶಾಂತಿ ಒಪ್ಪಂದ ಆಗಿದ್ದು 2007ರ ಮಾರ್ಚ್‌ನಲ್ಲಿ, ಮಾತುಕತೆಯಿಂದ. ಆ ಜೂನ್‌ನಲ್ಲಿ ಬಂಡುಕೋರರ ಕೇಂದ್ರವಾಗಿದ್ದ ಬುವಾಕೆಯಲ್ಲೇ ಮಡಗಾಸ್ಕರ್ ವಿರುದ್ಧ ಪಂದ್ಯ ನಡೆಯಿತು, 5–0. ಮೂರು ವರ್ಷ ಕಳೆದು ಚುನಾವಣೆಯ ಜಗಳದಲ್ಲಿ ಮತ್ತೆ ಗುಂಡು ಹಾರಿತು. ಒಬ್ಬನೇ ನಿಲ್ಲಿಸಿದ ಅನ್ನೋದು ಸುಮ್ನೆ ಫಾರ್ವರ್ಡ್ ಮೆಸೇಜ್ ಮಾತು.

ಪ್ರಶ್ನೆ: ಆಫ್ರಿಕಾ ಕಪ್ ಗೆದ್ದಿದ್ದಾನಾ?
– ಓದುಗ, ಸೋಮವಾರಪೇಟೆ

ಉತ್ತರ: ಇಲ್ಲ. 2006, 2012 ಎರಡೂ ಫೈನಲ್ ಪೆನಾಲ್ಟಿ ಶೂಟೌಟ್‌ನಲ್ಲಿ ಕೈತಪ್ಪಿದವು. 2012ರಲ್ಲಂತೂ ಪಂದ್ಯದ ನಡುವೆ ಸಿಕ್ಕ ಪೆನಾಲ್ಟಿಯನ್ನು ಅವನೇ ಗೋಲಿನ ಮೇಲಿಂದ ಹಾರಿಸಿದ. ಆಮೇಲೆ ಐವರಿ ಕೋಸ್ಟ್ ಕಪ್ ಎತ್ತಿದ್ದು 2015ರಲ್ಲಿ, ಅವನು ದೇಶದ ತಂಡ ಬಿಟ್ಟ ಮರುವರ್ಷ.