ಹೊಸ ಮನೆಯ ಕಪಾಟು: ಮಾಡಿಸುವುದೋ, ಕೊಳ್ಳುವುದೋ?

ಪ್ರಶ್ನೆ: ಸಿಂಧನೂರಿನಲ್ಲಿ 30×40 ಅಡಿಯ ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಒಳಗಿನ ಗಿಲಾವು ಮುಗಿದು ಹದಿನೈದು ದಿನಗಳಾದವು, ನೆಲಕ್ಕೆ ಇನ್ನೂ ಫರಸಿ ಹಾಕಿಲ್ಲ, ಎರಡೂವರೆ ತಿಂಗಳಿಗೆ ಗೃಹಪ್ರವೇಶ. ಅಡುಗೆಮನೆಯ ಕಟ್ಟೆಯ ಕೆಳಗೆ ಗೌಂಡಿಯವರು ಕಡಪ ಕಲ್ಲಿನ ಅಂಕಣಗಳನ್ನು ಕೂಡಿಸಿದ್ದಾರೆ. ನಮ್ಮ ಮಲಗುವ ಕೋಣೆಯಲ್ಲಿ ಏಳು ಅಡಿಯ ಗೋಡೆಯೊಂದಿದ್ದು, ಅದರ ಒಂದು ಮೂಲೆಯಲ್ಲಿ ಪಿಲ್ಲರ್ ಒಂಬತ್ತು ಅಂಗುಲ ಮುಂದಕ್ಕೆ ಬಂದಿದೆ. ಬಡಿಗೇರರು ಎಲ್ಲವನ್ನೂ ಇಲ್ಲಿಯೇ ಮಾಡಿಕೊಡುತ್ತೇವೆ, ಸಾಮಾನು ನಿಮ್ಮದು, ಕೂಲಿ ಚದರ ಅಡಿಯ ಲೆಕ್ಕ ಎನ್ನುತ್ತಾರೆ. ರಾಯಚೂರಿನ ಅಂಗಡಿಯವರು ಕಾರ್ಖಾನೆಯಲ್ಲಿ ಮಾಡಿ ತಂದು ನಾಲ್ಕು ದಿನಗಳಲ್ಲಿ ಜೋಡಿಸುತ್ತೇವೆ ಎನ್ನುತ್ತಾರೆ. ನಮ್ಮ ಯಜಮಾನರು ಮಾತ್ರ ಸಿದ್ಧ ಕಪಾಟು ತಂದಿಟ್ಟರಾಯಿತು ಎನ್ನುತ್ತಾರೆ. ಅತ್ತೆಯವರ ಕೌದಿಗಳೇ ಹನ್ನೆರಡು ಇವೆ. ಯಾರ ಮಾತು ಕೇಳಬೇಕು?
ಗೃಹಿಣಿ, ಸಿಂಧನೂರು

ಉತ್ತರ: ಇಡೀ ಮನೆಗೆ ಒಂದೇ ತೀರ್ಮಾನ ಹುಡುಕಲು ಹೊರಟದ್ದರಿಂದಲೇ ನಿಮ್ಮ ಮುಂದೆ ಮೂವರ ಮೂರು ಮಾತುಗಳು ನಿಂತಿವೆ ಎಂದು ನನಗೆ ತೋರುತ್ತದೆ. ಗೋಡೆ ಗೋಡೆಯನ್ನು ಬೇರೆಯಾಗಿ ನೋಡಿದರೆ ಪಿಲ್ಲರ್ ಇರುವ ಕೋಣೆಯ ಮಟ್ಟಿಗೆ ಬಡಿಗೇರರ ಮಾತು ಸರಿ, ಮಕ್ಕಳ ಕೋಣೆಯ ಮಟ್ಟಿಗೆ ಯಜಮಾನರ ಮಾತು ಸರಿ. ಅಂಗಡಿಯವರ ಯೋಜನೆ ಮಾತ್ರ ನಿಮ್ಮ ಮನೆಗೆ ತುಸು ತಡವಾಗಿ ಬಂದಿದೆ; ಏಕೆಂದರೆ ಅಡುಗೆಮನೆಯಲ್ಲಿ ಕಲ್ಲು ಆಗಲೇ ಕೂತುಬಿಟ್ಟಿದೆ.

ಆ ಕಲ್ಲನ್ನು ಕೀಳಿಸಬೇಡಿ. ನಮ್ಮ ಕಡೆಯ ಮನೆಗಳಲ್ಲಿ ಕಡಪ ಅಥವಾ ಶಹಾಬಾದ್ ಕಲ್ಲಿನ ಅಂಕಣ ಇದ್ದರೆ ಕಪಾಟಿನ ಅರ್ಧ ಕೆಲಸ ಮುಗಿದಂತೆಯೇ. ಅದಕ್ಕೆ ಗೆದ್ದಲು ಹತ್ತುವುದಿಲ್ಲ, ಸಿಂಕ್ ಸೋರಿದರೆ ಅದು ಉಬ್ಬುವುದಿಲ್ಲ, 25 ಕೆ.ಜಿ. ಅಕ್ಕಿಯ ಚೀಲವನ್ನೂ ಜೋಳದ ಡಬ್ಬಿಯನ್ನೂ ಒಟ್ಟಿಗೆ ಇಟ್ಟರೂ ಬಾಗುವುದಿಲ್ಲ. ಮಾಡ್ಯುಲರ್ ಅಡುಗೆಮನೆಯ ಹೆಸರಿನಲ್ಲಿ ಇಂಥ ಕಲ್ಲನ್ನು ಒಡೆಸಿ, ಅದೇ ಜಾಗದಲ್ಲಿ ಪ್ಲೈವುಡ್ಡಿನ ಪೆಟ್ಟಿಗೆ ಕೂಡಿಸಿ, ಮೂರನೆಯ ಮಳೆಗಾಲಕ್ಕೆ ಸಿಂಕಿನ ಕೆಳಗಿನ ಹಲಗೆ ಬದಲಾಯಿಸಿದವರನ್ನು ನಾನು ಬಲ್ಲೆ. ನಿಮಗೆ ಬೇಕಾದದ್ದು ಶಟರ್‌ಗಳು, ಅಂದರೆ ಅಂಕಣದ ಬಾಗಿಲುಗಳು ಮಾತ್ರ. ಆದರೆ ಕಲ್ಲಿಗೆ ಹಿಂಜ್ ನೇರವಾಗಿ ಹಿಡಿಯುವುದಿಲ್ಲವಾದ್ದರಿಂದ ಅಂಕಣದ ಬಾಯಿಗೆ ಮರದ ಇಲ್ಲವೇ ಅಲ್ಯೂಮಿನಿಯಂ ಚೌಕಟ್ಟನ್ನು ಕೂಡಿಸಿ, ಅದಕ್ಕೆ ಶಟರ್ ತೂಗಿಸಬೇಕಾಗುತ್ತದೆ. ಗೌಂಡಿಯವರು ಕೂಡಿಸಿದ ಕಲ್ಲು ನೂರಕ್ಕೆ ನೂರು ಲಂಬವಾಗಿರುವುದು ಅಪರೂಪ. ಒಂದೇ ಅಂಕಣದ ಅಗಲ ಮೇಲೆ ಹದಿನೆಂಟು ಅಂಗುಲವಿದ್ದರೆ ಕೆಳಗೆ ಹದಿನೇಳೂವರೆ ಇರಬಹುದು. ಆದ್ದರಿಂದ ಪ್ರತಿ ಅಂಕಣವನ್ನೂ ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿಸಿ. ನಿಗದಿತ ಅಳತೆಗಳಲ್ಲಿ ಬರುವ ಸಿದ್ಧ ಶಟರ್‌ಗಳು ಇಲ್ಲಿ ಒದಗುವುದಿಲ್ಲ, ಬಡಿಗೇರರೇ ಬೇಕು. ಎಳೆಗೂಡು (ಡ್ರಾಯರ್) ಬೇಕೆನಿಸಿದರೆ ಒಂದೇ ಒಂದು ಅಂಕಣದ ಒಳಗೆ ಪ್ಲೈವುಡ್ಡಿನ ಪೆಟ್ಟಿಗೆ ಇಳಿಸಿ, ಅದರಲ್ಲಿ ಎಳೆಗೂಡು ಸರಿಯಲು ಚಾನೆಲ್ ಹಾಕಿಸಿಕೊಳ್ಳಿ; ಚಮಚ, ಸೌಟು, ಲಟ್ಟಣಿಗೆಗೆ ಅಷ್ಟು ಸಾಕು.

ಈಗ ಪಿಲ್ಲರ್ ಇರುವ ಗೋಡೆ. ಸಿದ್ಧ ಕಪಾಟನ್ನು ಅಲ್ಲಿ ನಿಲ್ಲಿಸಿದರೆ ಒಂದೋ ಅದು ಪಿಲ್ಲರ್‌ಗೆ ತಗುಲಿ ಒಂಬತ್ತು ಅಂಗುಲ ಮುಂದೆ ಬರುತ್ತದೆ, ಇಲ್ಲವೇ ಪಿಲ್ಲರ್‌ನ ಪಕ್ಕಕ್ಕೆ ಸರಿದು ಅದರ ಮುಂದಿನ ಜಾಗವನ್ನು ಪೊರಕೆಗೂ ಜೇಡಕ್ಕೂ ಬಿಟ್ಟುಕೊಡುತ್ತದೆ. ಮಾಡಿಸಿದರೆ ಆಗುವ ಅನುಕೂಲವನ್ನು ಗಮನಿಸಿ. ಹ್ಯಾಂಗರಿಗೆ ತೂಗುಹಾಕುವ ಬಟ್ಟೆಗೆ 22ರಿಂದ 24 ಅಂಗುಲ ಆಳ ಬೇಕು. ಮಡಿಚಿಟ್ಟ ಸೀರೆ, ಅಂಗಿಗಳಿಗೆ 15 ಅಂಗುಲ ಸಾಕು; ಅದಕ್ಕಿಂತ ಆಳವಾದರೆ ಹಿಂದಿನ ಸಾಲಿನ ಸೀರೆ ವರ್ಷಕ್ಕೊಮ್ಮೆಯೂ ಬೆಳಕು ಕಾಣುವುದಿಲ್ಲ. 24 ಅಂಗುಲದಲ್ಲಿ ಪಿಲ್ಲರ್‌ನ 9 ಅಂಗುಲ ಕಳೆದರೆ ಉಳಿಯುವುದು ಸರಿಯಾಗಿ 15. ಪಿಲ್ಲರ್‌ನ ಮುಂದಿನ ಭಾಗವನ್ನು ಸೀರೆಗೂ ಉಳಿದ ಭಾಗವನ್ನು ಹ್ಯಾಂಗರಿಗೂ ಕೌದಿಗೂ ಹಂಚಿ, ಮುಂಭಾಗವನ್ನು ಒಂದೇ ಸಮದಲ್ಲಿ ಮುಚ್ಚಿಸಿದರೆ ಪಿಲ್ಲರ್ ಇದ್ದದ್ದೇ ಮರೆತುಹೋಗುತ್ತದೆ.

ಕೌದಿಗಳ ವಿಷಯದಲ್ಲಿ ಒಂದು ಮಾತು. ನಾಲ್ಕೈದು ಪದರ ಹಳೆಯ ಸೀರೆ ಸೇರಿಸಿ ಹೊಲಿದ ಕೌದಿ ಅಂಗಡಿಯ ರಗ್ಗಿನಂತೆ ಹಗುರವಲ್ಲ. ಮೂರನ್ನು ಮಡಿಚಿ ಒಂದರ ಮೇಲೊಂದು ಇಟ್ಟು ಅಗಲ, ಆಳ, ಎತ್ತರವನ್ನು ಟೇಪಿನಿಂದ ನೀವೇ ಅಳೆದು, ಆ ಅಳತೆಯನ್ನು ಬಡಿಗೇರರ ಕೈಗೆ ಕೊಡಿ. 18 ಮಿ.ಮೀ. ಪ್ಲೈವುಡ್ಡಿನ ಅಡ್ಡಹಲಗೆ ನಡುವೆ ಆಸರೆಯಿಲ್ಲದೆ ಮೂರು ಅಡಿಗಿಂತ ಉದ್ದವಾಗಿದ್ದರೆ ಇಂಥ ಭಾರಕ್ಕೆ ಕ್ರಮೇಣ ಹೊಟ್ಟೆ ಬಿಡುತ್ತದೆ. ಕೌದಿಗಳಿಗೆ ಕೆಳಗಿನ ಗೂಡೇ ಲೇಸು. ಅತ್ತೆಯವರು ಸ್ಟೂಲ್ ಹತ್ತಬೇಕಾಗಿಲ್ಲ.

ಖರ್ಚಿನ ಅಂದಾಜನ್ನು ಬಡಿಗೇರರು ಹೇಳುವ ಮುನ್ನ ನೀವೇ ಹಾಕಿಕೊಳ್ಳಬಹುದು. ಏಳು ಅಡಿ ಅಗಲ, ಎಂಟು ಅಡಿ ಎತ್ತರ, ಎರಡು ಅಡಿ ಆಳದ ಕಪಾಟಿನ ಮುಂಭಾಗ 56 ಚದರ ಅಡಿ. ಎರಡು ಪಕ್ಕ ಮತ್ತು ಎರಡು ನಡುಗೋಡೆಗಳಿಗೆ 64, ಮೇಲೆ ಕೆಳಗೆ ಸೇರಿ 28, ಮೂರು ಸಾಲು ಅಡ್ಡಹಲಗೆಗೆ 42, ಶಟರ್‌ಗಳಿಗೆ 56 ಎಂದು ಹಿಡಿದರೆ 18 ಮಿ.ಮೀ. ಪ್ಲೈವುಡ್ ಒಟ್ಟು 190 ಚದರ ಅಡಿಯಾಗುತ್ತದೆ. ಎಂಟಡಿ–ನಾಲ್ಕಡಿಯ ಒಂದು ಹಾಳೆಯೆಂದರೆ 32 ಚದರ ಅಡಿ. ಕತ್ತರಿಸುವಾಗ ಹೋಗುವ ಚೂರುಪಾರು ಸೇರಿ ಏಳು ಹಾಳೆ ಬೇಕು, ಹಿಂಬದಿಗೆ 6 ಮಿ.ಮೀ. ಹಾಳೆ ಎರಡು ಬೇಕು. 18 ಮಿ.ಮೀ.ನದೇ ಹತ್ತು ಹಾಳೆ ತರಿಸಿ ಎಂದು ಯಾರಾದರೂ ಹೇಳಿದರೆ ಮಿಕ್ಕ ಮೂರು ಯಾವ ಭಾಗಕ್ಕೆ ಎಂದು ಕೇಳುವ ಹಕ್ಕು ನಿಮಗಿದೆ. ಕೂಲಿಯ ಚದರ ಅಡಿಯನ್ನು ಮುಂಭಾಗಕ್ಕೆ ಮಾತ್ರ ಅಳೆಯುತ್ತಾರೋ, ಪಕ್ಕಗಳನ್ನೂ ಸೇರಿಸುತ್ತಾರೋ, ಒಳಗಿನ ಎಳೆಗೂಡುಗಳಿಗೆ ಬೇರೆ ದರವೋ ಎಂಬುದು ಮೊದಲ ದಿನವೇ ಇತ್ಯರ್ಥವಾಗಬೇಕು; ಜಗಳಗಳೆಲ್ಲ ಹುಟ್ಟುವುದು ಇಲ್ಲಿಯೇ.

ಗಟ್ಟಿ ಮರದ ಕಪಾಟೇ ಬೇಕೆಂಬ ಆಸೆ ಮನೆಯ ಹಿರಿಯರಿಗೆ ಇರುವುದು ಸಹಜ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಸೀಮೆಯಲ್ಲಿ ಅಗಲವಾದ ಮರದ ಹಲಗೆ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗಿ ಬಾಗಿಲು ಬಿಗಿಯುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಪದರದ ಎಳೆಗೆ ಇನ್ನೊಂದು ಪದರವನ್ನು ಅಡ್ಡವಾಗಿ ಅಂಟಿಸಿರುವುದರಿಂದ ಈ ಹಿಗ್ಗುಕುಗ್ಗು ಬಹಳ ಕಡಿಮೆ. ಮಲಗುವ ಕೋಣೆಗೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ಐಎಸ್ 303 ಗುರುತಿನ, ಸಾಮಾನ್ಯ ಬಳಕೆಯ ಪ್ಲೈವುಡ್ ಸಾಲುತ್ತದೆ. ಸಿಂಕಿನ ಆಸುಪಾಸಿನ ಶಟರ್‌ಗಳಿಗೆ ಮಾತ್ರ ಐಎಸ್ 710 ಗುರುತಿನದನ್ನು ತರಿಸಿ, ಅದರ ಅಂಟನ್ನು 72 ಗಂಟೆ ಕುದಿನೀರಿನಲ್ಲಿಟ್ಟು ಪರೀಕ್ಷಿಸಿರುತ್ತಾರೆ. ಹಾಳೆಯ ಮೇಲಿನ ಐಎಸ್‌ಐ ಮುದ್ರೆಯ ಜೊತೆಗಿರುವ ಸಿಎಂ/ಎಲ್ ಸಂಖ್ಯೆಯನ್ನು (ತಯಾರಕರ ಪರವಾನಗಿ ಸಂಖ್ಯೆ) ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಹಾಳೆಗಳು ಬಂದ ದಿನವೇ ಆ ಮುದ್ರೆಗಳ ಫೋಟೊ ತೆಗೆದಿಡಿ, ಏಕೆಂದರೆ ಕತ್ತರಿಸಿ ಲ್ಯಾಮಿನೇಟ್ ಅಂಟಿಸಿದ ಮೇಲೆ ಒಳಗಿರುವುದು ಯಾವ ಪ್ಲೈವುಡ್ ಎಂದು ಬ್ರಹ್ಮನೂ ಹೇಳಲಾರ.

ನೀರು ತಾಳುವುದು ಬೇರೆ, ಗೆದ್ದಲು ತಾಳುವುದು ಬೇರೆ. ಇದನ್ನು ನಾನು ಕಲಿತದ್ದು ನನ್ನದೇ ಮನೆಯಲ್ಲಿ. ಗೋಡೆಯೇ ಇರುವಾಗ ಕಪಾಟಿಗೆ ಹಿಂಬದಿ ಹಲಗೆ ಏಕೆ ಎಂದು ಕೆಲಸಗಾರರೊಬ್ಬರು ಹೇಳಿದಾಗ ಎರಡು ಹಾಳೆಯ ದುಡ್ಡು ಉಳಿಯಿತೆಂದು ಒಪ್ಪಿಕೊಂಡಿದ್ದೆ. ನಾಲ್ಕನೆಯ ವರ್ಷದ ಚಳಿಗೆ ಕೆಳಗಿನ ಕೌದಿಯನ್ನು ಎಳೆದರೆ ಅದು ಬರಲಿಲ್ಲ. ಬಲವಾಗಿ ಜಗ್ಗಿದಾಗ ಗೋಡೆಯ ಗಿಲಾವಿನ ಹೆಂಟೆಯೊಂದಿಗೆ ಬಂತು. ಮೂಲೆಯಲ್ಲಿ ಬೆರಳಗಲದ ಮಣ್ಣಿನ ಗೆರೆ ನೆಲದಿಂದ ಮೇಲೇರಿತ್ತು, ಕೌದಿಯ ಅಡಿಯ ಪದರ ಜರಡಿಯಾಗಿತ್ತು. ಆದ್ದರಿಂದ ಹಿಂಬದಿ ಹಲಗೆಯನ್ನು ಬಿಡಬೇಡಿ, ಅದಕ್ಕೂ ಗೋಡೆಗೂ ನಡುವೆ ಅರ್ಧ ಅಂಗುಲ ಸಂದು ಇರಲಿ, ಕಪಾಟಿನ ತಳ ನೆಲದಿಂದ ನಾಲ್ಕು ಅಂಗುಲ ಮೇಲಿರಲಿ. ನಿಮಗಂತೂ ಒಂದು ಅದೃಷ್ಟವಿದೆ: ಫರಸಿ ಇನ್ನೂ ಹಾಕಿಲ್ಲ. ನೆಲ ಮುಚ್ಚುವ ಮುನ್ನವೇ ಮಣ್ಣಿಗೆ ಗೆದ್ದಲು ನಿರೋಧಕ ಔಷಧಿ ಹೊಡೆಸಿ. ಇದರ ವಿಧಾನ ಐಎಸ್ 6313ರಲ್ಲಿ ಇದೆ. ಕಾಲುವೆಯ ನೀರು ಹರಿಯುವ ನಿಮ್ಮ ಭಾಗದ ಕಪ್ಪು ಮಣ್ಣಿನಲ್ಲಿ ಈ ಖರ್ಚಿಗೆ ಹಿಂದೆಮುಂದೆ ನೋಡಬಾರದು.

ಗಿಲಾವು ಆರುವ ಮುನ್ನ ಕಪಾಟು ಕೂಡಿಸುವ ಅವಸರ ಮಾತ್ರ ಬೇಡ. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಮರುದಿನ ಬಿಚ್ಚಿ ನೋಡಿ. ಒಳಬದಿಯಲ್ಲಿ ನೀರಹನಿ ಕೂತಿದ್ದರೆ ಇನ್ನೂ ಕಾಯಬೇಕು. ಗೃಹಪ್ರವೇಶದ ದಿನ ಕಪಾಟು ಇಲ್ಲದಿದ್ದರೆ ಹಾಲು ಉಕ್ಕುವುದಕ್ಕೇನೂ ಅಡ್ಡಿಯಾಗುವುದಿಲ್ಲ.

ಮಕ್ಕಳ ಕೋಣೆಗೆ ಸಿದ್ಧ ಕಪಾಟನ್ನೇ ಕೊಳ್ಳಿ. ಮಕ್ಕಳು ಬೆಳೆದಂತೆ ಆ ಕೋಣೆಯ ಅಗತ್ಯ ಬದಲಾಗುತ್ತದೆ. ಒಡವೆ, ಕಾಗದಪತ್ರಗಳಿಗೆ ಕಬ್ಬಿಣದ ತಿಜೋರಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಬಡಿಗೇರರನ್ನು ಆರಿಸುವಾಗ ಅವರು ಮೊಬೈಲಿನಲ್ಲಿ ತೋರಿಸುವ ಚಿತ್ರಗಳಿಗಿಂತ, ಮೂರು ವರ್ಷದ ಹಿಂದೆ ಮಾಡಿದ ಒಂದು ಕಪಾಟನ್ನು ತೋರಿಸಲು ಹೇಳಿ. ಅಲ್ಲಿ ಶಟರ್‌ನ ಮುಂಭಾಗ ನೋಡಬೇಡಿ. ಅಡ್ಡಹಲಗೆಯ ಕೆಳಗೆ ಕೈಯಾಡಿಸಿ, ಶಟರ್‌ನ ಕೆಳಅಂಚಿನ ಪಟ್ಟಿ ಎದ್ದಿದೆಯೇ ನೋಡಿ, ಎತ್ತರದ ಶಟರ್‌ಗೆ ನಾಲ್ಕು ಹಿಂಜ್ ಹಾಕಿದ್ದಾರೋ ಮೂರರಲ್ಲೇ ಮುಗಿಸಿದ್ದಾರೋ ಎಣಿಸಿ. ಪ್ಲೈವುಡ್, ಲ್ಯಾಮಿನೇಟ್, ಹಿಂಜ್, ಚಾನೆಲ್‌ಗಳ ಹೆಸರು ಮತ್ತು ದಪ್ಪ, ಕೂಲಿಯ ದರ, ಮುಗಿಸುವ ದಿನಾಂಕ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕೂಲಿಯ ಹತ್ತನೆಯ ಒಂದು ಪಾಲನ್ನು ಶಟರ್‌ಗಳು ಒಂದು ತಿಂಗಳು ಸರಿಯಾಗಿ ನಡೆದ ಮೇಲೆ ಕೊಡುವುದಾಗಿ ಮೊದಲೇ ಹೇಳಿ. ಒಳ್ಳೆಯ ಬಡಿಗೇರರು ಇದಕ್ಕೆ ಮುನಿಯುವುದಿಲ್ಲ. ಹಣ ಪಡೆದು ಮಾತು ತಪ್ಪಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ವಿಚಾರಿಸಿದರೂ ಆದೀತು. ಆದರೆ ಬಿಲ್ಲೂ ಸಹಿಯ ಹಾಳೆಯೂ ಇಲ್ಲದಿದ್ದರೆ ಅಲ್ಲಿ ನಿಮ್ಮ ಮಾತಿಗೆ ಬಲ ಸಿಗುವುದು ಕಷ್ಟ.

ಪ್ರಶ್ನೆ: ಕೊಪ್ಪಳದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ, ಬ್ಯಾಂಕಿನ ಕೆಲಸ, ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ಗೋಡೆಗೆ ಕಪಾಟು ಮಾಡಿಸಿಕೊಳ್ಳಲು ಮನೆಯ ಮಾಲೀಕರು ಒಪ್ಪಿದ್ದಾರೆ. ಕಿನ್ನಾಳದ ಗೊಂಬೆಗಳನ್ನಿಡಲು ಒಂದು ಷೋಕೇಸೂ ಬೇಕು. ಮಾಡಿಸಲೇ?
ಓದುಗರು, ಕೊಪ್ಪಳ

ಉತ್ತರ: ಗೋಡೆಗೆ ಕಪಾಟು ಬೇಡ. ಮಾಲೀಕರು ಒಪ್ಪದೆ ಏನು ಮಾಡಿಯಾರು, ಅದು ಉಳಿಯುವುದು ಅವರ ಗೋಡೆಗೆ. ಬಟ್ಟೆಗೆ ಕಬ್ಬಿಣದ ಅಲಮಾರಿ ಕೊಳ್ಳಿ. ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಸಿದ್ಧ ಕಪಾಟುಗಳು ಅಗ್ಗವಾದರೂ ಒಮ್ಮೆ ಬಿಚ್ಚಿದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಬಿಗಿಯಾಗಿ ಕೂರುವುದಿಲ್ಲ, ಎರಡನೆಯ ವರ್ಗಾವಣೆಗೆ ಅವು ಅಲುಗಾಡತೊಡಗುತ್ತವೆ.

ಷೋಕೇಸನ್ನು ಮಾತ್ರ ಧಾರಾಳವಾಗಿ ಮಾಡಿಸಿ. ತನ್ನ ಕಾಲ ಮೇಲೆ ನಿಲ್ಲುವಂತೆ, ಪ್ಲೈವುಡ್ಡಿನಲ್ಲಿ, ಮಿನಿಫಿಕ್ಸ್ ಬೋಲ್ಟುಗಳಿಂದ ಬಿಚ್ಚಿ ಜೋಡಿಸುವಂತೆ ಇರಲಿ. ಮೂರಡಿಗಿಂತ ಅಗಲ ಬೇಡ, ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಗೊಂಬೆಗಳ ಎತ್ತರಕ್ಕೆ ತಕ್ಕಂತೆ ಗಾಜಿನ ಹಲಗೆಗಳನ್ನು ಮೇಲೆ ಕೆಳಗೆ ಸರಿಸಲು ತೂತುಗಳಿರಲಿ. ಗೊಂಬೆಗಳ ಬಣ್ಣ ಮಾಸದಂತೆ ಕಿಟಕಿಯ ಬಿಸಿಲು ನೇರವಾಗಿ ಬೀಳುವ ಕಡೆ ಅದನ್ನು ಇಡಬೇಡಿ.

ಪ್ರಶ್ನೆ: ಬಳ್ಳಾರಿಯ ನಮ್ಮ ಅಜ್ಜನ ಮಣ್ಣಿನ ಮಾಳಿಗೆಯ ಮನೆಯನ್ನು ಕೆಡವಿದಾಗ ಸಾಗವಾನಿಯ ತೊಲೆಗಳೂ ಎರಡು ಜೋಡಿ ಬಾಗಿಲುಗಳೂ ಸಿಕ್ಕಿವೆ. ಅವುಗಳಿಂದ ಹೊಸ ಮನೆಯ ಕಪಾಟುಗಳನ್ನು ಪೂರ್ತಿ ಮಾಡಿಸಬಹುದೇ? ನಮ್ಮ ರಸ್ತೆಯಲ್ಲಿ ಅದಿರಿನ ಲಾರಿಗಳ ಓಡಾಟವೂ ಇದೆ.
ಓದುಗರು, ಬಳ್ಳಾರಿ

ಉತ್ತರ: ಪೂರ್ತಿ ಬೇಡ, ಮುಖಕ್ಕೆ ಮಾತ್ರ ಬಳಸಿ. ಅಷ್ಟು ಕಾಲ ಆರಿದ ಸಾಗವಾನಿ ಇನ್ನು ಹೆಚ್ಚು ತಿರುಚುವುದಿಲ್ಲ. ಶಟರ್‌ಗಳ ಚೌಕಟ್ಟಿಗೂ ಮುಂಭಾಗದ ಪಟ್ಟಿಗಳಿಗೂ ಅದಕ್ಕಿಂತ ಒಳ್ಳೆಯ ಮರ ಇಂದು ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ಒಳಗಿನ ಪೆಟ್ಟಿಗೆಗೆ ಪ್ಲೈವುಡ್ ಸಾಕು. ತೊಲೆಯನ್ನು ಸೀಳಿ ಅಡ್ಡಹಲಗೆ ಮಾಡಿಸಿ ಒಳಗೆ ಬಚ್ಚಿಡುವುದು ಆ ಮರಕ್ಕೆ ಮಾಡುವ ಅನ್ಯಾಯ.

ಕೆತ್ತನೆಯಿರುವ ಹಳೆಯ ಬಾಗಿಲನ್ನು ಕಪಾಟಿನ ಶಟರ್ ಮಾಡುವ ಆಸೆ ನಿಮಗೆ ಹುಟ್ಟಬಹುದು. ಅದಿರಿನ ಕೆಂಧೂಳು ಕೆತ್ತನೆಯ ಸಂದುಗಳಲ್ಲಿ ಕೂತರೆ ಬ್ರಷ್ಷಿಗೂ ಬಗ್ಗುವುದಿಲ್ಲ. ಅದನ್ನು ದೇವರಕೋಣೆಗೆ ಇಟ್ಟುಕೊಳ್ಳಿ. ಕಪಾಟಿನ ಶಟರ್ ನುಣುಪಾಗಿರಲಿ, ಚೌಕಟ್ಟಿನ ಒಳಗೆ ಕೂರುವುದರ ಬದಲು ಅದರ ಅಂಚನ್ನು ಮುಚ್ಚುವಂತೆ ಹೊರಗೆ ಕೂರಲಿ, ಜೋಡಿ ಶಟರ್‌ಗಳು ಸೇರುವಲ್ಲಿ ಒಂದು ಪಟ್ಟಿ ಇರಲಿ. ಆಗ ಧೂಳು ಒಳಗೆ ನುಗ್ಗುವುದು ಅರ್ಧಕ್ಕರ್ಧ ನಿಲ್ಲುತ್ತದೆ.

ತೊಲೆಗಳನ್ನು ಸಾಮಿಲ್ಲಿಗೆ ಒಯ್ಯುವ ಮುನ್ನ ಬಲವಾದ ಅಯಸ್ಕಾಂತವೊಂದನ್ನು ನಾಲ್ಕೂ ಮೈಗೆ ಆಡಿಸಿ, ಅದು ಹಿಡಿದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿ ಮೊಳೆ ಕೀಳಿಸಿ. ತಲೆ ಮುರಿದು ಒಳಗೇ ಉಳಿದ ಹಳೆಯ ಕಾಲದ ಮೊಳೆಯೊಂದು ಬ್ಲೇಡಿಗೆ ಸಿಕ್ಕರೆ ಆ ಬ್ಲೇಡಿನ ಬೆಲೆಯನ್ನು ಸಾಮಿಲ್ಲಿನವರು ನಿಮ್ಮ ಲೆಕ್ಕಕ್ಕೇ ಬರೆಯುತ್ತಾರೆ.